ಯಾಕೋ ಸರಿ ಕಾಣ್ತಿಲ್ಲ

1987ರ ಮಳೆಗಾಲ. ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿ ಬೆಂಗಳೂರಿನ ಒಂದು ಆಸ್ಪತ್ರೆಗೆ ಸೇರಿ ಎರಡು ವರ್ಷವಾಗಿತ್ತು. ಗಂಡಸರ ಸರ್ಜಿಕಲ್ ವಾರ್ಡು, ನಲವತ್ತು ಹಾಸಿಗೆ. ರಾತ್ರಿಗೆ ನಾನು, ಒಬ್ಬಳು ಸ್ಟೂಡೆಂಟು, ಒಬ್ಬರು ಆಯಾ. ಹದಿನೇಳನೇ ಬೆಡ್ಡಿನಲ್ಲಿ ಮಾಗಡಿ ಕಡೆಯ ರೈತರೊಬ್ಬರು, ಪಿತ್ತಕೋಶದ ಆಪರೇಷನ್ ಆಗಿ ಮೂರನೇ ದಿನ. ಎರಡು ಗಂಟೆಯ ಹೊತ್ತಿಗೆ ಅವರ ಹೆಂಡತಿ ನನ್ನ ಮೇಜಿನ ಹತ್ತಿರ ಬಂದು ಸೆರಗು ಬಾಯಿಗೆ ಹಿಡಿದು ನಿಂತರು. “ನಮ್ಮನೆಯೋರು ಯಾಕೋ ಸರಿ ಕಾಣ್ತಿಲ್ಲ ಕಣಮ್ಮ. ಒಸಿ ಬಂದು ನೋಡಮ್ಮ.”

ಹೋಗಿ ನೋಡಿದೆ. ಬಿಪಿ 100, ನಾಡಿ ಸ್ವಲ್ಪ ಜೋರು. ಮನುಷ್ಯ ಮಾತಾಡುತ್ತಿದ್ದರು, ಆದರೆ ಒಂದು ವಾಕ್ಯಕ್ಕೆ ಎರಡು ಸಲ ಉಸಿರು ಎಳೆದುಕೊಳ್ಳುತ್ತಿದ್ದರು. ಚಾರ್ಟಿನಲ್ಲಿ ಉಸಿರಾಟದ ಜಾಗದಲ್ಲಿ ನಾನು 20 ಎಂದು ಬರೆದೆ. ಎಣಿಸಿ ಬರೆದದ್ದಲ್ಲ. ಅದಕ್ಕೂ ಹಿಂದಿನ ಪಾಳಿಯವಳೂ 20 ಬರೆದಿದ್ದಳು, ಅವಳ ಹಿಂದಿನವಳೂ. ಆ ವಾರ್ಡಿನ ನಲವತ್ತು ಜನರೂ ನಿಮಿಷಕ್ಕೆ ಇಪ್ಪತ್ತೇ ಸಲ ಉಸಿರಾಡುತ್ತಿದ್ದರು, ವರ್ಷವಿಡೀ.

ಡ್ಯೂಟಿ ಡಾಕ್ಟರನ್ನು ಎಬ್ಬಿಸಬೇಕಿತ್ತು. ಹಿಂದಿನ ವಾರವಷ್ಟೇ ಒಬ್ಬರಿಗೆ ಜ್ವರ ಬಂದಾಗ ಎಬ್ಬಿಸಿದ್ದಕ್ಕೆ, “ಇಷ್ಟಕ್ಕೆಲ್ಲ ಎಬ್ಬಿಸಿದ್ರೆ ನೀವ್ಯಾಕೆ ಇರೋದು ಸಿಸ್ಟರ್?” ಎಂದು ಪೇಶಂಟುಗಳ ಎದುರಿಗೇ ಕೇಳಿಸಿಕೊಂಡಿದ್ದೆ. ಐದು ಗಂಟೆ ಆಗಲಿ, ಅವರು ಹೇಗೂ ಏಳುತ್ತಾರೆ ಎಂದುಕೊಂಡೆ. ಐದಕ್ಕೆ ಇಪ್ಪತ್ತು ನಿಮಿಷ ಇರುವಾಗ ಆ ಹೆಂಗಸು ಕೂಗಿಕೊಂಡರು. ಆಮೇಲೆ ಎಲ್ಲರೂ ಓಡಿ ಬಂದರು. ಆಂಬು ಬ್ಯಾಗ್ ಬಂತು, ಎದೆ ಒತ್ತಿದರು, ಇಂಜೆಕ್ಷನ್ ಕೊಟ್ಟರು. ಆರೂಕಾಲು ಗಂಟೆಗೆ ನಾನೇ ಹತ್ತಿ ಇಟ್ಟು ಬಟ್ಟೆ ಮುಚ್ಚಿದೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಚಾರ್ಟಿನಲ್ಲಿ 20 ಇತ್ತಲ್ಲ.

ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಹೇಳುತ್ತಿರುವುದು, ‘ರ‍್ಯಾಪಿಡ್ ರೆಸ್ಪಾನ್ಸ್ ಟೀಮ್’ ಎಂಬುದರ ಕಥೆ ಬರೆಯಲು ಕೂತರೆ ನನಗೆ ಬೇರೆ ಎಲ್ಲಿಂದಲೂ ಶುರು ಮಾಡಲು ಬರುವುದಿಲ್ಲ ಎಂಬ ಕಾರಣಕ್ಕೆ.

1993ರಲ್ಲಿ ಸಿಡ್ನಿಗೆ ಹೋದ ಮೇಲೆ, ಅಲ್ಲಿನ ಪರೀಕ್ಷೆಗೆ ಓದುವಾಗ ಒಂದು ಲೇಖನ ಕೈಗೆ ಸಿಕ್ಕಿತು. ಅಮೆರಿಕದ ಮಯಾಮಿಯ ವೈದ್ಯರು 1990ರಲ್ಲಿ ಪ್ರಕಟಿಸಿದ್ದು. ಆಸ್ಪತ್ರೆಯೊಳಗೇ ಹೃದಯ ನಿಂತುಹೋದ 64 ಜನರ ಕೇಸ್ ಶೀಟುಗಳನ್ನು ಅವರು ಹಿಂದಕ್ಕೆ ಓದುತ್ತ ಹೋಗಿದ್ದರು. ಅವರಲ್ಲಿ ನೂರಕ್ಕೆ 84 ಮಂದಿಯಲ್ಲಿ, ಹೃದಯ ನಿಲ್ಲುವ ಎಂಟು ಗಂಟೆಯೊಳಗೆ ಏನೋ ಕೆಟ್ಟದ್ದು ಬರಹದಲ್ಲೇ ಇತ್ತು: ಉಸಿರು ಏರಿದ್ದು, ಮಂಪರು, ಹೊಸ ದೂರು. ಲೇಖನ ಓದಿ ಮುಗಿಸಿದಾಗ ನನಗೆ ಸಮಾಧಾನ ಆಗಲಿಲ್ಲ, ನಾಚಿಕೆಯೂ ಹೆಚ್ಚಾಗಲಿಲ್ಲ. ಹದಿನೇಳನೇ ಬೆಡ್ಡು ಬೆಂಗಳೂರಿನಲ್ಲಿ ಮಾತ್ರ ಇರಲಿಲ್ಲ ಎಂದು ತಿಳಿಯಿತು, ಅಷ್ಟೇ.

ಆಸ್ಪತ್ರೆಗಳು ಅಲ್ಲಿಯವರೆಗೆ ಮಾಡಿಕೊಂಡಿದ್ದ ಏರ್ಪಾಡೆಲ್ಲ ಹೃದಯ ನಿಂತ ಮೇಲಿನದು. 1960ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು, ಎದೆಯನ್ನು ಕೊಯ್ಯದೆ ಹೊರಗಿನಿಂದಲೇ ಒತ್ತಿ ರಕ್ತ ಓಡಿಸಬಹುದು ಎಂದು ತೋರಿಸಿದರು. ಅದು ದೊಡ್ಡ ವಿಷಯವೇ. ಅದರ ಬೆನ್ನಿಗೆ ಕ್ರಾಷ್ ಕಾರ್ಟು ಬಂತು, ಕೋಡ್ ಬ್ಲೂ ಎಂಬ ತುರ್ತು ಕರೆ ಬಂತು, ಓಡಿ ಬರುವ ತಂಡ ಬಂತು. ಆದರೆ ಅಷ್ಟೆಲ್ಲ ಬಂದ ಮೇಲೂ ವಾರ್ಡಿನಲ್ಲಿ ಹೃದಯ ನಿಂತವರಲ್ಲಿ ಬದುಕಿ ಮನೆಗೆ ಹೋದವರು ಐದರಲ್ಲಿ ಒಬ್ಬರಿದ್ದರೆ ಹೆಚ್ಚು. ಮನೆ ಉರಿದು ಬೂದಿಯಾದ ಮೇಲೆ ಬಾವಿ ತೋಡಿದ ಹಾಗೆ ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಆ ಬಾವಿಗೆ ಒಳ್ಳೆಯ ಕಲ್ಲು ಕಟ್ಟಿಸಿ, ಹಗ್ಗ ಹೊಸದು ತಂದು, ಮೂವತ್ತು ವರ್ಷ ಅದನ್ನೇ ಚಂದ ಮಾಡಿಕೊಂಡು ಕೂತಿದ್ದರು.

ಲಿವರ್‌ಪೂಲ್ ಎಂದರೆ ನಮ್ಮವರಿಗೆ ಫುಟ್‌ಬಾಲ್ ನೆನಪಾಗುತ್ತದೆ. ಇದು ಆ ಲಿವರ್‌ಪೂಲ್ ಅಲ್ಲ, ಸಿಡ್ನಿಯ ನೈಋತ್ಯ ಮೂಲೆಯದು. ಬೇರೆ ದೇಶಗಳಿಂದ ಬಂದು ನೆಲೆ ನಿಂತವರೇ ಹೆಚ್ಚಾಗಿರುವ ಜಾಗ. ಅಲ್ಲಿನ ಸರ್ಕಾರಿ ಆಸ್ಪತ್ರೆಯ ಐಸಿಯು ಮುಖ್ಯಸ್ಥ ಕೆನ್ ಹಿಲ್‌ಮನ್ ಮತ್ತು ಜೊತೆಯವರು 1990ರಲ್ಲಿ ಒಂದು ಬದಲಾವಣೆ ಮಾಡಿದರು. ಅಪಘಾತವಾಗಿ ಬಂದವರಿಗೆ ಟ್ರಾಮಾ ತಂಡ ಕೆಲಸ ಮಾಡುವ ರೀತಿಯನ್ನು ಅವರು ನೋಡಿದ್ದರು. ಅಲ್ಲಿ ಹೃದಯ ನಿಲ್ಲುವ ತನಕ ಯಾರೂ ಕಾಯುವುದಿಲ್ಲ, ಇಂತಿಂಥ ಗುರುತು ಕಂಡರೆ ತಂಡ ಬರಲೇಬೇಕು. ಹಾಗಿದ್ದರೆ ವಾರ್ಡಿನಲ್ಲಿ ಮಲಗಿದವರು ಏನು ಪಾಪ ಮಾಡಿದ್ದಾರೆ? ಹೃದಯ ನಿಂತ ಮೇಲೆ ಓಡುವ ತಂಡವನ್ನು ತೆಗೆದು, ಅದರ ಜಾಗಕ್ಕೆ ‘ಮೆಡಿಕಲ್ ಎಮರ್ಜೆನ್ಸಿ ಟೀಮ್’ ತಂದರು. ಎಲ್ಲರ ಬಾಯಲ್ಲಿ ಅದು ‘ಮೆಟ್’ ಆಯಿತು. (ನಮ್ಮಲ್ಲಿ ಮೆಟ್ಟು ಎಂದರೆ ಚಪ್ಪಲಿ ಎಂದು ನಾನು ಹೇಳಿದಾಗ ಜೊತೆಯ ಫಿಲಿಪಿನೋ ನರ್ಸ್ ಒಂದು ವಾರ ನಕ್ಕಳು.)

ಯಾವಾಗ ಕರೆಯಬೇಕು ಎಂಬುದಕ್ಕೆ ಒಂದು ಪಟ್ಟಿ ಗೋಡೆಯ ಮೇಲಿತ್ತು. ಬಿಪಿ 90ಕ್ಕಿಂತ ಕೆಳಗೆ, ನಾಡಿ 40ಕ್ಕಿಂತ ಕೆಳಗೆ, ಉಸಿರಿಗೆ ಇಷ್ಟು ಅಂಕೆ, ಫಿಟ್ಸ್, ಪ್ರಜ್ಞೆ ಇದ್ದಕ್ಕಿದ್ದಂತೆ ಕುಗ್ಗುವುದು. ಇವೆಲ್ಲ ಯಾರಿಗಾದರೂ ಹೊಳೆಯುವಂಥವು. ಪಟ್ಟಿಯ ಕೊನೆಯ ಸಾಲು ನೋಡಿ ನಾನು ಅಲ್ಲೇ ನಿಂತೆ. ಮೇಲಿನ ಯಾವ ಅಂಕೆಗೂ ಹೊಂದದಿದ್ದರೂ ಪೇಶಂಟಿನ ಬಗ್ಗೆ ನಿಮಗೆ ಕಳವಳ ಇದ್ದರೆ ಕರೆಯಿರಿ, ಎಂಬ ಅರ್ಥದ ಮಾತು. ಮಾಗಡಿಯ ಆ ಹೆಂಗಸು ಹೇಳಿದ್ದೇ ಅದು. ಇಲ್ಲಿ ಅದನ್ನು ನಿಯಮ ಮಾಡಿ ಗೋಡೆಗೆ ಅಂಟಿಸಿದ್ದರು.

ನಾನು ಕೆಲಸ ಮಾಡಿದ ಆಸ್ಪತ್ರೆ ಬೇರೆ, ಅಲ್ಲಿಗೆ ಈ ಪದ್ಧತಿ ಕೆಲವು ವರ್ಷ ತಡವಾಗಿ ಬಂತು. ನನ್ನ ಮೊದಲ ಕರೆ ನೆನಪಿದೆ. ಸೊಂಟದ ಮೂಳೆ ಮುರಿದಿದ್ದ ವಿಯೆಟ್ನಾಂ ಮೂಲದ ಅಜ್ಜಿ. ಎರಡು ನಿಮಿಷ ಕೈಗಡಿಯಾರ ಹಿಡಿದು ಉಸಿರು ಎಣಿಸಿದ್ದೆ, ನಿಮಿಷಕ್ಕೆ 38. ಆದರೂ ಫೋನ್ ಎತ್ತುವಾಗ ಕೈ ಬೆವರಿತ್ತು. ನಾಲ್ಕು ಜನ ಬಂದರು. ಮುಂದೆ ಇದ್ದ ರಿಜಿಸ್ಟ್ರಾರ್ ಡಾಕ್ಟರ್ ಹುಡುಗಿ ಅಜ್ಜಿಯನ್ನು ನೋಡುವ ಮೊದಲು ನನ್ನನ್ನು ನೋಡಿ, ನಿಮಗೇನು ಅನ್ನಿಸಿತು ಎಂದು ಕೇಳಿದಳು. ವರ್ಷಗಟ್ಟಲೆ ನರ್ಸ್ ಆಗಿದ್ದ ಊರಿನಲ್ಲಿ ಆ ಪ್ರಶ್ನೆಯನ್ನು ಒಬ್ಬ ಡಾಕ್ಟರೂ ನನಗೆ ಕೇಳಿರಲಿಲ್ಲ.

ಇದಾದ ಮೇಲೆ ಜಗತ್ತು ಬೇಗ ಬೇಗ ಓಡಿತು. ಇಂಗ್ಲೆಂಡಿನ ಪೂರ್ವ ತೀರದ ಜೇಮ್ಸ್ ಪ್ಯಾಜೆಟ್ ಆಸ್ಪತ್ರೆಯವರು 1997ರಲ್ಲಿ ನಾಡಿ, ಬಿಪಿ, ಉಸಿರಿಗೆ ಅಂಕ ಕೊಟ್ಟು ಕೂಡುವ ಪದ್ಧತಿ ತಂದರು. ಆ ಎಣಿಕೆಯೇ ಬೆಳೆದು 2012ರಲ್ಲಿ ಅವರ ಇಡೀ ದೇಶಕ್ಕೆ ಒಂದೇ ಚಾರ್ಟು ಆಯಿತು. ಮೆಲ್ಬರ್ನಿನ ಆಸ್ಟಿನ್ ಆಸ್ಪತ್ರೆಯಲ್ಲಿ ರಿನಾಲ್ಡೊ ಬೆಲೊಮೊ ಮತ್ತು ಜೊತೆಯವರು ನಾಲ್ಕು ನಾಲ್ಕು ತಿಂಗಳ ಲೆಕ್ಕ ಇಟ್ಟರು: ಮೆಟ್ ಬರುವ ಮೊದಲು 63 ಹೃದಯ ಸ್ತಂಭನ, ಬಂದ ಮೇಲೆ 22. ಅಮೆರಿಕದಲ್ಲಿ 2004ರ ಡಿಸೆಂಬರಿನಲ್ಲಿ ಡಾನ್ ಬರ್ವಿಕ್ ಎಂಬ ವೈದ್ಯರ ಸಂಸ್ಥೆ ಹದಿನೆಂಟು ತಿಂಗಳಲ್ಲಿ ಒಂದು ಲಕ್ಷ ಜೀವ ಉಳಿಸುತ್ತೇವೆ ಎಂದು ಆಂದೋಲನ ಹೂಡಿತು. ಅದರ ಆರು ಕೆಲಸಗಳಲ್ಲಿ ಮೊದಲಿಗೆ ಎಲ್ಲರ ಬಾಯಿಗೆ ಬಂದದ್ದು ಈ ತಂಡ. ಅಲ್ಲಿನವರು ಅದಕ್ಕೆ ರ‍್ಯಾಪಿಡ್ ರೆಸ್ಪಾನ್ಸ್ ಟೀಮ್ ಎಂದರು. 3,000ಕ್ಕೂ ಹೆಚ್ಚು ಆಸ್ಪತ್ರೆಗಳು ಆಂದೋಲನಕ್ಕೆ ಹೆಸರು ಕೊಟ್ಟವು.

ಅಷ್ಟರಲ್ಲಿ ತಣ್ಣೀರು ಬಿತ್ತು. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮೆರಿಟ್ ಅಧ್ಯಯನ ಬಂತು. ಆಸ್ಟ್ರೇಲಿಯಾದ 23 ಆಸ್ಪತ್ರೆಗಳು, ಚೀಟಿ ಎತ್ತಿದಂತೆ 12ಕ್ಕೆ ಮೆಟ್, 11ಕ್ಕೆ ಇಲ್ಲ. ನಡೆಸಿದವರಲ್ಲಿ ಹಿಲ್‌ಮನ್ ಕೂಡ ಇದ್ದರು. ಆರು ತಿಂಗಳ ಕೊನೆಗೆ ನೋಡಿದರೆ ಎರಡೂ ಕಡೆ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ. ನಮ್ಮ ಟೀ ರೂಮಿನಲ್ಲಿ ಒಬ್ಬ ಹಿರಿಯ ಸರ್ಜನ್ ಆ ಪತ್ರಿಕೆಯನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಬಿಟ್ಟು ಹೋಗಿದ್ದರು.

ನಾನು ಅದನ್ನು ಎತ್ತಿ ಓದಿದೆ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಅಂಕೆ. ತಂಡ ಇದ್ದ ಆಸ್ಪತ್ರೆಗಳಲ್ಲಿ ಸಾವಿರ ದಾಖಲಾತಿಗೆ ಬಂದ ಕರೆಗಳು 8.7, ಇಲ್ಲದ ಕಡೆ ಹಳೆಯ ತಂಡಕ್ಕೆ ಬಂದದ್ದು 3.1. ಹೆಚ್ಚಾಯಿತು, ನಿಜ. ಆದರೆ ಕರೆಯಬೇಕಾದ ಗುರುತು ಚಾರ್ಟಿನಲ್ಲೇ ಇದ್ದ ಎಷ್ಟೋ ಮಂದಿಗೆ ಯಾರೂ ಕರೆದೇ ಇರಲಿಲ್ಲ. ತಯಾರಿಗೆ ಕೊಟ್ಟದ್ದು ನಾಲ್ಕು ತಿಂಗಳು. ನಾಲ್ಕು ತಿಂಗಳಲ್ಲಿ ಪಟ್ಟಿ ಅಂಟಿಸಬಹುದು, ತಂಡಕ್ಕೆ ಬ್ಯಾಗು ಕೊಡಿಸಬಹುದು. ನಡುರಾತ್ರಿ ಮೂರು ಗಂಟೆಗೆ ಒಬ್ಬಳು ನರ್ಸಿಗೆ ಫೋನ್ ಎತ್ತುವ ಧೈರ್ಯ ಬರಿಸಲು ಸಾಕಾಗುವುದಿಲ್ಲ. ಅದೇ ವರ್ಷ ಪಿಟ್ಸ್‌ಬರ್ಗಿನಲ್ಲಿ ಸೇರಿದ ತಜ್ಞರು ಈ ವ್ಯವಸ್ಥೆಗೆ ಎರಡು ಕೈಗಳಿವೆ ಎಂದು ಬಿಡಿಸಿಟ್ಟರು, ಒಂದು ಗುರುತಿಸಿ ಕರೆಯುವ ಕೈ, ಒಂದು ಓಡಿ ಬರುವ ಕೈ. ಆಸ್ಪತ್ರೆಗಳು ದುಡ್ಡು ಹಾಕಿದ್ದು ಓಡಿ ಬರುವ ಕೈಗೆ.

ತಂಡ ಕಟ್ಟುವುದು ಸುಲಭ ಎಂದು ನಾನು ಯಾವಾಗಲೂ ಹೇಳುತ್ತಿದ್ದೆ. ಅದನ್ನು ಹತ್ತನೇ ವರ್ಷಕ್ಕೆ ಮುಟ್ಟಿಸುವುದೇ ಕಷ್ಟ. ಮೆಲ್ಬರ್ನಿನ ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯವರು 2010ರಲ್ಲಿ ತಮ್ಮ ಹಲವು ವರ್ಷಗಳ ಲೆಕ್ಕ ಪ್ರಕಟಿಸಿದಾಗ, ಫಲ ಕಾಣಲು ವರ್ಷಗಟ್ಟಲೆ ಹಿಡಿಯುತ್ತದೆ, ನಡುನಡುವೆ ತಿದ್ದುತ್ತಲೇ ಇರಬೇಕು ಎಂಬುದನ್ನು ಲೇಖನದ ಹೆಸರಿನಲ್ಲೇ ಹೇಳಿದ್ದರು. ಆಸ್ಟಿನ್‌ನವರ ದೀರ್ಘ ಲೆಕ್ಕದಲ್ಲಿ ಇನ್ನೊಂದು ಮಾತು ಇತ್ತು: ಕರೆಗಳು ಹೆಚ್ಚಿದಷ್ಟೂ ಹೃದಯ ಸ್ತಂಭನ ಇಳಿಯುತ್ತಿತ್ತು, ಸುಮಾರು 17 ಹೆಚ್ಚುವರಿ ಕರೆಗೆ ಒಂದರಂತೆ. ಅಂದರೆ ಹದಿನಾರು ಸಲ ತಂಡ ಬಂದು, ನೋಡಿ, ತಲೆಯಾಡಿಸಿ ಹೋಗಬೇಕು. ಆ ಹದಿನಾರನ್ನು ದಂಡ ಎನ್ನುವ ಆಸ್ಪತ್ರೆಯಲ್ಲಿ ಹದಿನೇಳನೆಯದು ಬರುವುದಿಲ್ಲ.

ನಮ್ಮಲ್ಲೇ ನಡೆದದ್ದು ಹೇಳುತ್ತೇನೆ. ಒಂದು ಸಲ ಒಬ್ಬ ಸರ್ಜನ್ ತಮ್ಮ ಪೇಶಂಟಿಗೆ ಮೆಟ್ ಕರೆದ ಹುಡುಗಿಯನ್ನು ಕಾರಿಡಾರಿನಲ್ಲಿ ನಿಲ್ಲಿಸಿ, ಯಾರನ್ನು ಕೇಳಿ ಕರೆದೆ ಎಂದು ಗದರಿದರು. ಮಾತು ಒಂದೇ, ಅರ್ಧ ನಿಮಿಷದ್ದು. ಆ ವಾರ್ಡಿನಿಂದ ಮುಂದಿನ ಎರಡು ತಿಂಗಳು ಕರೆಗಳೇ ಇಲ್ಲ ಎನ್ನುವಷ್ಟು ಕಡಿಮೆಯಾದವು. ಅಲ್ಲಿ ಎಲ್ಲರೂ ಇದ್ದಕ್ಕಿದ್ದಂತೆ ಆರೋಗ್ಯವಂತರಾಗಿದ್ದರೇ?

ಇದನ್ನು ಪತ್ತೆ ಹಚ್ಚಿದವರು ನಮ್ಮ ಎಜುಕೇಟರ್, ಐರ್ಲೆಂಡಿನ ಹೆಂಗಸು, ದಪ್ಪ ಕನ್ನಡಕ. ಪ್ರತಿ ಗುರುವಾರ ಮಧ್ಯಾಹ್ನ ಎರಡೂವರೆಗೆ, ಪಾಳಿ ಬದಲಾಗುವ ಹೊತ್ತಿಗೆ, ನೀಲಿ ಬಿಸ್ಕತ್ ಡಬ್ಬಿ ಕಂಕುಳಲ್ಲಿಟ್ಟುಕೊಂಡು ವಾರ್ಡಿಂದ ವಾರ್ಡಿಗೆ ಹೋಗುತ್ತಿದ್ದರು. ಕರೆದವರ ಬಗ್ಗೆ ಅವರು ಕೇಳುತ್ತಿರಲಿಲ್ಲ. ಈ ವಾರ ಕರೆಯಬೇಕು ಅನ್ನಿಸಿ ಕರೆಯದೆ ಬಿಟ್ಟದ್ದು ಯಾರಿಗೆ, ಎಂದು ಕೇಳುತ್ತಿದ್ದರು. ಬಿಸ್ಕತ್ ತಿನ್ನುತ್ತ ಹುಡುಗಿಯರು ಬಾಯಿ ಬಿಡುತ್ತಿದ್ದರು. ಮರುದಿನ ಐಸಿಯು ಗೋಡೆಯ ಮೇಲೆ ಆ ವಾರದ ಹಾಳೆ ಬರುತ್ತಿತ್ತು: ಎಷ್ಟು ಕರೆ, ಎಷ್ಟು ಹೃದಯ ಸ್ತಂಭನ, ಪ್ರತಿಯೊಂದಕ್ಕೂ ಹಿಂದಿನ ಎಂಟು ಗಂಟೆಯ ಚಾರ್ಟಿನಲ್ಲಿ ಏನಿತ್ತು. ಹೆಸರು ಯಾರದೂ ಇರುತ್ತಿರಲಿಲ್ಲ. ಅವರು ನಿವೃತ್ತರಾದಾಗ ಬಜೆಟ್ ಕಾರಣಕ್ಕೆ ಎಂಟು ತಿಂಗಳು ಆ ಹುದ್ದೆ ಖಾಲಿ ಬಿಟ್ಟರು. ತಂಡ ಇತ್ತು, ಪೇಜರ್ ಇತ್ತು, ಪಟ್ಟಿ ಗೋಡೆಯ ಮೇಲೆ ಇತ್ತು. ಕರೆಗಳು ಇಳಿದವು.

ಇನ್ನೂ ಕೆಲವು ಇಲಿಗಳು ಈ ತಂಡವನ್ನು ಒಳಗಿನಿಂದ ಕೊರೆಯುತ್ತವೆ. ಕಿರಿಯ ವೈದ್ಯರು ಕೆಲವೇ ತಿಂಗಳಿಗೆ ಬೇರೆ ವಿಭಾಗಕ್ಕೆ ಹೋಗುತ್ತಾರೆ, ಕಲಿಸಿದ್ದೆಲ್ಲ ಮತ್ತೆ ಮೊದಲಿಂದ. ತಂಡಕ್ಕೆಂದು ಬೇರೆ ಜನ ಕೊಡುವ ಆಸ್ಪತ್ರೆ ಅಪರೂಪ, ಐಸಿಯು ನರ್ಸು ತನ್ನ ಪೇಶಂಟನ್ನು ಪಕ್ಕದವಳಿಗೆ ಒಪ್ಪಿಸಿ ಓಡಬೇಕು, ಕರೆ ಹೆಚ್ಚಾದಷ್ಟೂ ಐಸಿಯು ಗೊಣಗುತ್ತದೆ. ವಾರ್ಡಿನ ವೈದ್ಯರಿಗೆ ಕಾಯಿಲೆ ಗುರುತಿಸುವುದೇ ಮರೆತುಹೋಗುತ್ತಿದೆ ಎಂಬ ದೂರೂ ಇತ್ತು, ಅದರಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಮತ್ತೆ ರಾತ್ರಿ. ಆಸ್ಟಿನ್‌ನವರು ಗಂಟೆಗಂಟೆಯ ಲೆಕ್ಕ ತೆಗೆದು ನೋಡಿದಾಗ ಕರೆಗಳು ಪಾಳಿ ಬದಲಾಗುವಾಗ, ಬಿಪಿ ನೋಡುವ ವೇಳೆಗಳಲ್ಲಿ ಗುಂಪುಗುಂಪಾಗಿ ಬರುತ್ತಿದ್ದವು. ಯಾರಾದರೂ ನೋಡಿದಾಗ ಮಾತ್ರ ಕಾಣುತ್ತದೆ ಎಂಬುದಕ್ಕೆ ಸಂಶೋಧನೆ ಬೇಕೇ ಎಂದು ನಕ್ಕೆವು. ಆದರೆ ಅದನ್ನು ಬರೆದು ತೋರಿಸಿದ ಮೇಲೆಯೇ ರಾತ್ರಿ ಪಾಳಿಗೆ ಇನ್ನೊಬ್ಬರನ್ನು ಕೇಳಲು ನಮಗೆ ಬಾಯಿ ಬಂತು.

ನ್ಯೂ ಸೌತ್ ವೇಲ್ಸ್ ರಾಜ್ಯ ಇಡಿಯಾಗಿ ಎಚ್ಚೆತ್ತದ್ದು ಒಂದು ಹುಡುಗಿಯ ಸಾವಿನಿಂದ. 2005ರ ನವೆಂಬರಿನಲ್ಲಿ 16 ವರ್ಷದ ಆಕೆಗೆ ಗಾಲ್ಫ್ ಚೆಂಡು ತಲೆಗೆ ಬಡಿದು ಸಿಡ್ನಿಯ ಆಸ್ಪತ್ರೆಗೆ ಸೇರಿಸಿದ್ದರು. ಎರಡೇ ದಿನದಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲೇ ಉಸಿರು ನಿಂತಿತು. ಮರಣ ವಿಚಾರಣೆ ನಡೆಯಿತು, ಸರ್ಕಾರ ಪೀಟರ್ ಗಾರ್ಲಿಂಗ್ ಎಂಬ ಹಿರಿಯ ವಕೀಲರನ್ನು ನೇಮಿಸಿತು, 2008ರ ನವೆಂಬರಿನಲ್ಲಿ ಅವರ ವರದಿ 139 ಶಿಫಾರಸುಗಳೊಂದಿಗೆ ಬಂತು. 2010ರ ಜನವರಿಯಿಂದ ‘ಬಿಟ್ವೀನ್ ದ ಫ್ಲ್ಯಾಗ್ಸ್’ ಎಂಬ ಏರ್ಪಾಡು ಶುರುವಾಯಿತು.

ಆ ಹೆಸರು ಸಮುದ್ರದಿಂದ ಬಂದದ್ದು. ನಾನು ಮಲ್ಪೆ ಕಡೆಯವಳು, ಕಡಲು ಹೊಸದಲ್ಲ. ಆದರೂ ಅಲ್ಲಿನ ಕಡಲ ಕಿನಾರೆಯಲ್ಲಿ ಕೆಂಪು ಹಳದಿ ಬಾವುಟ ಎರಡು ಕಡೆ ನೆಟ್ಟು, ಇವುಗಳ ನಡುವೆ ಮಾತ್ರ ಈಜಿ ಎನ್ನುವುದು ನನಗೆ ಮೊದಲು ವಿಚಿತ್ರವಾಗಿ ಕಂಡಿತ್ತು. ಮುಳುಗುವವನನ್ನು ಎಳೆದು ತರುವುದಕ್ಕಿಂತ ಬಾವುಟ ದಾಟಿದವನಿಗೆ ಸೀಟಿ ಊದುವುದು ಅವರ ಲೆಕ್ಕ. ಆಸ್ಪತ್ರೆಗೂ ಅದನ್ನೇ ತಂದರು. ಚಾರ್ಟಿನಲ್ಲಿ ಹಳದಿ ಪಟ್ಟಿ, ಕೆಂಪು ಪಟ್ಟಿ. ಅಂಕೆ ಬರೆಯುವುದಲ್ಲ, ಚುಕ್ಕಿ ಇಟ್ಟು ಗೆರೆ ಎಳೆಯಬೇಕು. ಉಸಿರು 25 ದಾಟಿದರೆ ಚುಕ್ಕಿ ತಾನಾಗಿ ಹಳದಿಗೆ ಬೀಳುತ್ತದೆ, 30 ದಾಟಿದರೆ ಕೆಂಪಿಗೆ. ಹಳದಿಗೆ ವಾರ್ಡಿನ ವೈದ್ಯರು, ಕೆಂಪಿಗೆ ತಂಡ. ಕರೆಯಲೋ ಬೇಡವೋ ಎಂದು ಎದೆಯೊಳಗೆ ವಾದ ಮಾಡಿಕೊಳ್ಳುವ ಕೆಲಸ ಕಾಗದಕ್ಕೆ ಹೋಯಿತು. ಹೊಸದಾಗಿ ಬಂದ ಹುಡುಗಿಯರು, “ನಾನು ಕರೀಲಿಲ್ಲ, ಚಾರ್ಟ್ ಕರೀತು” ಎನ್ನುತ್ತಿದ್ದರು, ಅವರವರ ಇಂಗ್ಲಿಷಿನಲ್ಲಿ. ಈ ಮೂವತ್ತು ವರ್ಷದಲ್ಲಿ ಯಾವ ಯಂತ್ರಕ್ಕಿಂತಲೂ ಹೆಚ್ಚು ಕೆಲಸ ಮಾಡಿದ್ದು ಆ ಬಣ್ಣದ ಹಾಳೆ ಎಂಬುದು ನನ್ನ ಲೆಕ್ಕ.

ಮನೆಯವರೇ ಕರೆಯಬಹುದು ಎಂಬುದು ಇದರ ಮುಂದಿನ ಹೆಜ್ಜೆ. 2001ರಲ್ಲಿ ಬಾಲ್ಟಿಮೋರಿನಲ್ಲಿ ಹದಿನೆಂಟು ತಿಂಗಳ ಜೋಸಿ ಕಿಂಗ್ ಎಂಬ ಮಗು ಆಸ್ಪತ್ರೆಯಲ್ಲಿ ತೀರಿಕೊಂಡಿತು. ಮಗುವಿಗೆ ಏನೋ ಆಗುತ್ತಿದೆ ಎಂದು ತಾಯಿ ಮತ್ತೆ ಮತ್ತೆ ಹೇಳಿದ್ದರು. ಆ ತಾಯಿ ಸಾರೆಲ್ ಕಿಂಗ್ ಅವರ ಮಾತಿನಿಂದ ಪಿಟ್ಸ್‌ಬರ್ಗಿನ ಶೇಡಿಸೈಡ್ ಆಸ್ಪತ್ರೆ 2005ರಲ್ಲಿ, ರೋಗಿಯ ಕಡೆಯವರೇ ಫೋನ್ ಮಾಡಿ ತಂಡ ಕರೆಸುವ ಏರ್ಪಾಡು ಮಾಡಿತು. ಕ್ವೀನ್ಸ್‌ಲ್ಯಾಂಡಿನಲ್ಲಿ 2013ರಲ್ಲಿ ‘ರಯಾನ್ಸ್ ರೂಲ್’ ಬಂತು, ಇಂಗ್ಲೆಂಡಿನಲ್ಲಿ 2024ರಲ್ಲಿ ‘ಮಾರ್ಥಾಸ್ ರೂಲ್’. ಎಲ್ಲವೂ ತೀರಿಹೋದ ಮಕ್ಕಳ ಹೆಸರು. ಸೆರಗು ಬಾಯಿಗೆ ಹಿಡಿದು ನಿಂತ ಹೆಂಗಸಿನ ಕೈಗೆ ಕೊನೆಗೂ ಒಂದು ಫೋನ್ ಸಿಕ್ಕಿತು, ಮಾಗಡಿಯಲ್ಲಿ ಅಲ್ಲ.

ಒಂದು ವಿಷಯ ಯಾರೂ ಎಣಿಸಿರಲಿಲ್ಲ. ಮೂರು ದೇಶಗಳ ಏಳು ಆಸ್ಪತ್ರೆಗಳಲ್ಲಿ ಲೆಕ್ಕ ಹಾಕಿದಾಗ, ತಂಡ ಹೋಗಿ ನೋಡಿದ ರೋಗಿಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ, ಇನ್ನು ಇಂತಿಂಥ ಚಿಕಿತ್ಸೆ ಬೇಡ ಎಂಬ ಮಿತಿ ಇತ್ತು ಅಥವಾ ಆಗಲೇ ಹಾಕಬೇಕಾಯಿತು. ನನ್ನ ಕೊನೆಯ ವರ್ಷಗಳಲ್ಲಿ ಎಷ್ಟೋ ರಾತ್ರಿ ಓಡಿ ಹೋದರೆ ಅಲ್ಲಿ ತೊಂಬತ್ತು ದಾಟಿದ ಜೀವ, ಹಗಲಿನ ವೈದ್ಯರು ಮಕ್ಕಳಿಗೆ ಹೇಳದೆ ಮುಂದೂಡಿದ್ದ ಮಾತು ತಂಡದ ಪಾಲಿಗೆ. ಹಿಲ್‌ಮನ್ ಅವರೇ 2017ರಲ್ಲಿ, ವಯಸ್ಸಾದವರ ಕೊನೆಯ ದಿನಗಳನ್ನು ಆಸ್ಪತ್ರೆ ಹೇಗೆ ನುಂಗುತ್ತಿದೆ ಎಂಬುದರ ಬಗ್ಗೆ ಪುಸ್ತಕ ಬರೆದರು. ಓಡುವ ತಂಡ ಕಟ್ಟಿದವರು ಓಡಬಾರದ ಕಡೆಗಳ ಬಗ್ಗೆ ಬರೆದದ್ದು ನನಗೆ ಆಶ್ಚರ್ಯ ತರಲಿಲ್ಲ.

2019ರಲ್ಲಿ ಉಡುಪಿಗೆ ಮರಳಿದೆ. ಹೋದ ವರ್ಷ ಅಣ್ಣನಿಗೆ ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಷನ್ ಆಯಿತು, ರಾತ್ರಿ ಜೊತೆಗೆ ನಾನೇ ಉಳಿದಿದ್ದೆ. ಲಿಫ್ಟಿನ ಪಕ್ಕ ಕೋಡ್‌ಗಳ ಬಣ್ಣದ ಪಟ್ಟಿ ಇತ್ತು, ರ‍್ಯಾಪಿಡ್ ರೆಸ್ಪಾನ್ಸ್ ಎಂದೂ ಇತ್ತು, ಮುಂದೆ ನಾಲ್ಕಂಕಿಯ ನಂಬರು. ಮೂರು ಗಂಟೆಗೆ ಎಚ್ಚರವಾಯಿತು. ಅಣ್ಣ ನಿದ್ದೆಯಲ್ಲಿದ್ದ, ಭುಜ ಎತ್ತಿ ಎತ್ತಿ ಉಸಿರಾಡುತ್ತಿದ್ದ. ಮೊಬೈಲ್ ಬೆಳಕಿನಲ್ಲಿ ಗಡಿಯಾರ ನೋಡಿ ಎಣಿಸಿದೆ, ಒಂದು ನಿಮಿಷ, ಮತ್ತೊಂದು ನಿಮಿಷ. ಸಿಸ್ಟರ್ ಹುಡುಗಿಗೆ ಇಪ್ಪತ್ತೆರಡು ಇಪ್ಪತ್ತಮೂರು ವರ್ಷ ಇರಬಹುದು, ಎದೆಯ ಮೇಲಿನ ಕಾರ್ಡು ಮಗುಚಿತ್ತು.

“ಯಾಕೋ ಸರಿ ಕಾಣ್ತಿಲ್ಲ ಮಗಾ,” ಎಂದೆ.

ಬಂದಳು. ಬೆರಳಿಗೆ ಕ್ಲಿಪ್ ಹಾಕಿದಳು, ಬಿಪಿ ನೋಡಿದಳು. ಹಾಳೆಯಲ್ಲಿ ಬರೆದಳು. ಇಣುಕಿ ನೋಡಿದೆ. “ಒಮ್ಮೆ ಎಣಿಸಿ ನೋಡ್ತೀಯಾ?” ಎಂದೆ. ಅವಳ ಮುಖ ಕೆಂಪಾಯಿತು.

“ಆಂಟಿ, ನೀವು ಸಿಸ್ಟರಾ?”

“ಹೌದು.”

ಎಣಿಸಿದಳು. ಫೋನಿನ ಹತ್ತಿರ ಹೋಗಿ ಒಂದು ಕ್ಷಣ ನಿಂತಳು. ಆ ಕ್ಷಣ ನನಗೆ ಚೆನ್ನಾಗಿ ಗೊತ್ತು. ಆಮೇಲೆ ಡಯಲ್ ಮಾಡಿದಳು. ಹನ್ನೆರಡು ನಿಮಿಷಕ್ಕೆ ಕೂದಲು ಕೆದರಿದ ಒಬ್ಬ ಡಾಕ್ಟರ್ ಹುಡುಗ, ಜೊತೆಗೆ ಐಸಿಯುನ ಇನ್ನೊಬ್ಬಳು ಸಿಸ್ಟರ್ ಬಂದರು. ಎದೆಗೆ ಸ್ಟೆತ್ ಇಟ್ಟರು, ಹೊಟ್ಟೆ ಮುಟ್ಟಿ ನೋಡಿದರು, ನೋವಿಗೆ ಏನು ಕೊಟ್ಟಿದ್ದೀರಿ ಎಂದು ಕೇಳಿದರು. ನೋವಿನಿಂದಲೇ ಇರಬೇಕು ಎಂದು ಇಂಜೆಕ್ಷನ್ ಬರೆದು, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಲು ಹೇಳಿ ಹೋದರು. ಹೋಗುವಾಗ ಆ ಹುಡುಗ ಅವಳಿಗೆ ಏನೂ ಅನ್ನಲಿಲ್ಲ, ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಆಕಳಿಸಿದ, ಅಷ್ಟೇ.

ಬೆಳಿಗ್ಗೆ ಅಣ್ಣ ಎದ್ದು ಕೂತು ಗಂಜಿ ಕೇಳಿದ. ಮಂಚದ ಕಾಲಿಗೆ ತೂಗಿದ್ದ ಹಾಳೆ ಎತ್ತಿ ನೋಡಿದೆ. ಮೂರು ಗಂಟೆಯ ಸಾಲಿನಲ್ಲಿ 20 ಎಂದು ಬರೆದು ಅಡ್ಡಗೆರೆ ಎಳೆದಿತ್ತು. ಪಕ್ಕದಲ್ಲಿ 28, ಅದರ ಪಕ್ಕ ಅವಳ ಸಣ್ಣ ಸಹಿ.